ಥೀಸಿಸ್ ಒಳಗಿನ ಸೈಟೇಷನ್: ಲೇಟೆಕ್ ಬಳಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಜ್ಞಾನಭಾರತಿಯಲ್ಲಿ ಕನ್ನಡ ಪಿಎಚ್‌ಡಿ ಮಾಡುವವರು, ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಬರೆಯುವವರು, ಇತಿಹಾಸದ ಎಂಎ ಪ್ರಬಂಧ ಮುಗಿಸುವ ಆತುರದಲ್ಲಿರುವವರು. ಬೆಂಗಳೂರಿನಲ್ಲಿ ಇಂಥವರಿಗೆಲ್ಲ ಲೇಟೆಕ್ (ಆಜ್ಞೆ ಟೈಪ್ ಮಾಡಿ ಪುಟ ಜೋಡಿಸುವ ಸಾಫ್ಟ್‌ವೇರ್) ಹೇಳಿಕೊಡುತ್ತಾ ಹಲವು ವರ್ಷಗಳಾದವು. ಅವರವರ ವಿಷಯ ಬೇರೆ. ಸೈಟೇಷನ್ (ಬರಹದೊಳಗೆ ಆಕರದ ಉಲ್ಲೇಖ) ಹತ್ತಿರ ಬಂದಾಗ ಎಡವುವ ಜಾಗ ಮಾತ್ರ ಒಂದೇ. ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ನಾಲ್ಕು ತೊಡಕು ಜಾಸ್ತಿ. ಅವಕ್ಕೆ ಇಂಗ್ಲಿಷ್ ಕೈಪಿಡಿಗಳಲ್ಲಿ ಉತ್ತರ ಸಿಗುವುದಿಲ್ಲ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಓದಲು ಸುಲಭವಾಗಲಿ ಎಂದು ಆಜ್ಞೆಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ನಿಮ್ಮ ಫೈಲಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ, ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಿ ಟೈಪ್ ಮಾಡಿ. ‘ಸೈಟ್‌ಪಿ’ ಅಂದರೆ ಸೈಟ್ ಎಂಬ ಪದಕ್ಕೆ ಪಿ ಅಕ್ಷರ ಅಂಟಿಸಿದ್ದು. ‘ಸೈಟ್‌ಟಿ’ ಅಂದರೆ ಟಿ ಅಂಟಿಸಿದ್ದು. ನಡುವೆ ಜಾಗ ಬೇಡ.

ಕಂಸದೊಳಗೆ ಹೆಸರು, ವರ್ಷ ಕೈಯಲ್ಲೇ ಟೈಪ್ ಮಾಡಿಬಿಟ್ಟರೆ ಏನು ತೊಂದರೆ?

ಹತ್ತು ಪುಸ್ತಕ ಇದ್ದರೆ ಏನೂ ತೊಂದರೆ ಇಲ್ಲ. ಇನ್ನೂರು ಇದ್ದರೆ ತಪ್ಪು ಆಗಿಯೇ ಆಗುತ್ತದೆ. ಮೂರನೇ ಅಧ್ಯಾಯದಲ್ಲಿ 1974 ಎಂದು ಬರೆದದ್ದು ಐದನೆಯದರಲ್ಲಿ 1947 ಆಗಿರುತ್ತದೆ. ಒಂದು ಪ್ಯಾರಾ ತೆಗೆದು ಹಾಕಿರುತ್ತೀರಿ, ಅದರ ಪುಸ್ತಕ ಕೊನೆಯ ಪಟ್ಟಿಯಲ್ಲಿ ಹಾಗೇ ಉಳಿದಿರುತ್ತದೆ. ಆಮೇಲೆ ಗೈಡ್ ಬಂದು ‘ಹೆಸರು, ವರ್ಷ ಬೇಡ, ನಂಬರ್ ಹಾಕಿ’ ಅಂದರೆ ಎಲ್ಲವನ್ನೂ ಮೊದಲಿಂದ ತಿದ್ದಬೇಕು.

ಹಳೆಯ ಗ್ರಂಥಾಲಯಗಳ ಕಾರ್ಡ್ ಡ್ರಾಯರ್ ನೆನಪಿದೆ ಅಲ್ವಾ? ಲೇಟೆಕ್‌ನಲ್ಲಿ ಮಾಡುವುದೂ ಅದನ್ನೇ. ಪುಸ್ತಕಕ್ಕೊಂದು ಕಾರ್ಡ್ ಬರೆದು ಬಿಬ್ ಫೈಲಿನಲ್ಲಿ ಇಡುತ್ತೀರಿ. ಪ್ರತಿ ಕಾರ್ಡಿಗೂ ಒಂದು ಚಿಕ್ಕ ಗುರುತು ಇರುತ್ತದೆ, ಅದಕ್ಕೆ ಕೀ ಅನ್ನುತ್ತಾರೆ. ಬರೆಯುವಾಗ ಕೀ ಮಾತ್ರ ಕೊಡುತ್ತೀರಿ. ಹೆಸರು, ವರ್ಷ, ಕಂಸ, ನಂಬರ್, ಕೊನೆಯ ಪಟ್ಟಿ ಎಲ್ಲವನ್ನೂ ಯಂತ್ರ ಹಾಕುತ್ತದೆ. ಶೈಲಿ ಬದಲಿಸಲು ಒಂದೇ ಸಾಲು ಸಾಕು.

ಕೀಯನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಜಾಗ, ಕಾಮಾ ಬೇಡ. ಹೆಸರಿನ ಜೊತೆ ವರ್ಷ ಸೇರಿಸಿದರೆ (ಕಿಟೆಲ್ ಅವರ 1894ರ ನಿಘಂಟಿಗೆ ಕಿಟೆಲ್1894 ಅನ್ನುವ ಹಾಗೆ) ಆರು ತಿಂಗಳು ಬಿಟ್ಟು ನೋಡಿದರೂ ಯಾವ ಪುಸ್ತಕ ಎಂದು ತಿಳಿಯುತ್ತದೆ.

ಬಿಬ್‌ಟೆಕ್, ನ್ಯಾಟ್‌ಬಿಬ್, ಬಿಬ್‌ಲೇಟೆಕ್, ಬೈಬರ್. ಇಷ್ಟೊಂದು ಹೆಸರು ಯಾಕೆ? ನಾನು ಯಾವುದನ್ನು ಹಿಡಿಯಲಿ?

ಇವು ಎರಡು ಜೋಡಿ ಎಂದು ತಿಳಿದುಕೊಳ್ಳಿ. ಬಿಬ್‌ಟೆಕ್ ಜೊತೆ ನ್ಯಾಟ್‌ಬಿಬ್ ಹಳೆಯ ಜೋಡಿ. ಬೈಬರ್ ಜೊತೆ ಬಿಬ್‌ಲೇಟೆಕ್ ಹೊಸ ಜೋಡಿ. ಪ್ರತಿ ಜೋಡಿಯಲ್ಲೂ ಒಂದು ಪ್ರೋಗ್ರಾಂ ಕಾರ್ಡುಗಳನ್ನು ಓದಿ ವಿಂಗಡಿಸುತ್ತದೆ, ಇನ್ನೊಂದು ಪ್ಯಾಕೇಜ್ (ಲೇಟೆಕ್‌ಗೆ ಸೇರಿಸುವ ಹೆಚ್ಚುವರಿ ಭಾಗ) ಪುಟದ ಮೇಲೆ ಹೇಗೆ ಕಾಣಬೇಕು ಎಂದು ನೋಡಿಕೊಳ್ಳುತ್ತದೆ.

ಓರೆನ್ ಪಟಾಷ್ನಿಕ್ ಬಿಬ್‌ಟೆಕ್ ಬರೆದದ್ದು 1985ರಲ್ಲಿ. ಯುನಿಕೋಡ್‌ನ (ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಪದ್ಧತಿ) ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಅಂದರೆ ಬಿಬ್‌ಟೆಕ್ ಹುಟ್ಟಿದಾಗ ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಯುನಿಕೋಡ್ ಎಂಬ ಮನೆಯೇ ಇರಲಿಲ್ಲ. ಅದರ ಲೆಕ್ಕದಲ್ಲಿ ಒಂದು ಬೈಟ್ ಅಂದರೆ ಒಂದು ಅಕ್ಷರ. ನಮ್ಮ ‘ಕ’ ಯುಟಿಎಫ್-8ರಲ್ಲಿ (ಯುನಿಕೋಡ್ ಅಕ್ಷರವನ್ನು ಫೈಲಿನಲ್ಲಿ ಇಡುವ ರೀತಿ) ಮೂರು ಬೈಟ್. ಹೆಸರನ್ನು ಇನಿಷಿಯಲ್ ಮಾಡು ಎಂದು ಶೈಲಿ ಹೇಳಿದಾಗ ಬಿಬ್‌ಟೆಕ್ ಮೊದಲ ಬೈಟನ್ನು ಮಾತ್ರ ಕತ್ತರಿಸಿ ಇಡುತ್ತದೆ. ಪಟ್ಟಿಯಲ್ಲಿ ಅಕ್ಷರದ ಬದಲು ಕಪ್ಪು ಚೌಕವೋ ಪ್ರಶ್ನಾರ್ಥಕವೋ ಕಾಣುತ್ತದೆ. ತಪ್ಪು ನಿಮ್ಮ ಫಾಂಟಿನದಲ್ಲ.

ಆದ್ದರಿಂದ ಕನ್ನಡದಲ್ಲಿ ಬರೆಯುವವರಿಗೆ ನನ್ನ ಸಲಹೆ ಒಂದೇ: ಬಿಬ್‌ಲೇಟೆಕ್ ಮತ್ತು ಬೈಬರ್. ಬೈಬರ್‌ಗೆ ಯುನಿಕೋಡ್ ಚೆನ್ನಾಗಿ ಗೊತ್ತು. ‘ಸಾರ್ಟ್‌ಲೊಕೇಲ್’ ಆಯ್ಕೆಯಲ್ಲಿ ಕೆ, ಎನ್ ಎಂಬ ಎರಡಕ್ಷರದ ಸಂಕೇತ ಕೊಟ್ಟರೆ ಪಟ್ಟಿಯನ್ನು ಕನ್ನಡದ ಅಕ್ಷರ ಕ್ರಮದಲ್ಲಿ ಜೋಡಿಸುತ್ತದೆ. ಇಂಗ್ಲಿಷ್‌ನಲ್ಲಿ ಬರೆಯುವವರು ಎರಡರಲ್ಲಿ ಯಾವುದನ್ನಾದರೂ ಹಿಡಿಯಬಹುದು. ಆದರೆ ಜರ್ನಲ್ ತಾನೇ ಟೆಂಪ್ಲೇಟ್ ಕೊಟ್ಟಿದ್ದರೆ ಅದರಲ್ಲಿ ಏನಿದೆಯೋ ಅದನ್ನೇ ಬಳಸಿ. ಎರಡು ಜೋಡಿಯನ್ನೂ ಒಂದೇ ಫೈಲಿಗೆ ಹಾಕಬೇಡಿ, ಜಗಳವಾಡುತ್ತವೆ.

ಕನ್ನಡ ಅಕ್ಷರವೇ ಬರುತ್ತಿಲ್ಲ. ಪುಟ ಖಾಲಿ. ಏನು ಮಾಡಲಿ?

ಓವರ್‌ಲೀಫ್‌ನಲ್ಲಿ (ಬ್ರೌಸರಿನಲ್ಲೇ ಲೇಟೆಕ್ ಬರೆಯುವ ತಾಣ) ಕಂಪೈಲರ್ ಆಯ್ಕೆಗೆ ಹೋಗಿ. ಪಿಡಿಎಫ್‌ಲೇಟೆಕ್ ಇದ್ದರೆ ಝೀಲೇಟೆಕ್ ಅಥವಾ ಲುವಾಲೇಟೆಕ್‌ಗೆ ಬದಲಿಸಿ. ಫಾಂಟ್‌ಸ್ಪೆಕ್ ಪ್ಯಾಕೇಜ್ ಸೇರಿಸಿ ನೋಟೋ ಸೆರಿಫ್ ಕನ್ನಡದಂಥ ಯುನಿಕೋಡ್ ಫಾಂಟ್ ಕೊಡಿ. ಲುವಾಲೇಟೆಕ್ ಆದರೆ ಹಾರ್ಫ್‌ಬಜ್ ಆಯ್ಕೆಯನ್ನೂ ಕೊಡುವುದು ಒಳ್ಳೆಯದು, ಒತ್ತಕ್ಷರ ಸರಿಯಾಗಿ ಕೂರುತ್ತದೆ.

ಸೈಟ್‌ಪಿ, ಸೈಟ್‌ಟಿ ನಡುವೆ ವ್ಯತ್ಯಾಸ ಏನು?

ಲೇಖಕರು ಕಂಸದ ಒಳಗಿದ್ದಾರೋ, ನಿಮ್ಮ ವಾಕ್ಯದ ಒಳಗಿದ್ದಾರೋ ಅನ್ನುವುದಷ್ಟೇ. ಸೈಟ್‌ಪಿ ಕೊಟ್ಟರೆ (ಕಿಟೆಲ್, 1894) ಎಂದು ಬರುತ್ತದೆ. ಸೈಟ್‌ಟಿ ಕೊಟ್ಟರೆ ಕಿಟೆಲ್ (1894) ಎಂದು ಬರುತ್ತದೆ. ಬಿಬ್‌ಲೇಟೆಕ್‌ನಲ್ಲಿ ಇವೇ ಕೆಲಸಕ್ಕೆ ಪರೆನ್‌ಸೈಟ್, ಟೆಕ್ಸ್ಟ್‌ಸೈಟ್ ಎಂಬ ಹೆಸರು. ಹಳೆಯ ಹೆಸರೇ ಕೈಗೆ ಕೂತಿದ್ದರೆ ಪ್ಯಾಕೇಜ್ ಕರೆಯುವಾಗ ನ್ಯಾಟ್‌ಬಿಬ್ ಆಯ್ಕೆಯನ್ನು ‘ಟ್ರೂ’ ಮಾಡಿ. ಸೈಟ್‌ಪಿ, ಸೈಟ್‌ಟಿ ಅಲ್ಲೂ ನಡೆಯುತ್ತವೆ.

ಒಂದೇ ಕಂಸದಲ್ಲಿ ಎರಡು ಮೂರು ಪುಸ್ತಕ ಬೇಕಾದರೆ ಕೀಗಳನ್ನು ಕಾಮಾ ಹಾಕಿ ಒಟ್ಟಿಗೆ ಕೊಡಿ. ಕಂಸದ ಪಕ್ಕ ಇನ್ನೊಂದು ಕಂಸ ಇಡಬೇಡಿ.

‘ಕಿಟೆಲ್ (1894) ಪ್ರಕಾರ’ ಅಂತ ಬರುತ್ತಿದೆ. ಕನ್ನಡದಲ್ಲಿ ಓದಲು ಏನೋ ಸರಿಯಿಲ್ಲ. ‘ಕಿಟೆಲ್ ಅವರ’ ಎಂದು ತರುವುದು ಹೇಗೆ?

ಈ ಪ್ರಶ್ನೆ ಕೇಳಿದವರ ಮೇಲೆ ನನಗೆ ತುಂಬ ಪ್ರೀತಿ. ಸುಮಾರು ಜನ ಇದನ್ನು ಗಮನಿಸುವುದೇ ಇಲ್ಲ. ಯಂತ್ರ ಕೊಟ್ಟದ್ದನ್ನು ಹಾಗೇ ಬಿಟ್ಟುಬಿಡುತ್ತಾರೆ. ಥೀಸಿಸ್ ಪೂರ್ತಿ ಅರ್ಧ ಕನ್ನಡದಲ್ಲಿ ಮಾತಾಡಿದ ಹಾಗೆ ಕೇಳಿಸುತ್ತದೆ.

ಇಂಗ್ಲಿಷ್‌ನಲ್ಲಿ ಹೆಸರು ಬದಲಾಗುವುದಿಲ್ಲ, ಅದಕ್ಕೆ ಮೊದಲು ಬೇರೆ ಪದ ಬರುತ್ತದೆ. ನಮ್ಮಲ್ಲಿ ವಿಭಕ್ತಿ ಹೆಸರಿಗೇ ಅಂಟುತ್ತದೆ. ಜೊತೆಗೆ ನಾವು ದೊಡ್ಡವರನ್ನು ಬರೀ ಹೆಸರಿನಿಂದ ಕರೆಯುವುದಿಲ್ಲ, ‘ಅವರು’ ಬೇಕೇ ಬೇಕು. ಸೈಟ್‌ಟಿ ಆಜ್ಞೆಯನ್ನು ಬರೆದವರು ಇದನ್ನೆಲ್ಲ ಯೋಚಿಸಿರಲಿಲ್ಲ.

ಮೂರು ದಾರಿ ಇವೆ. ಮೊದಲನೆಯದು, ಸೈಟ್‌ಟಿ ಆದ ಮೇಲೆ ಒಂದು ಜಾಗ ಬಿಟ್ಟು ‘ಅವರ’ ಎಂದು ಬರೆಯುವುದು. ‘ಕಿಟೆಲ್ (1894) ಅವರ ಪ್ರಕಾರ’ ಎಂದು ಬರುತ್ತದೆ. ತಪ್ಪಿಲ್ಲ, ಆದರೆ ಹೆಸರಿಗೂ ‘ಅವರ’ಗೂ ನಡುವೆ ಕಂಸ ಅಡ್ಡ ಬರುತ್ತದೆ.

ಎರಡನೆಯದು ನನಗೆ ಹೆಚ್ಚು ಇಷ್ಟ. ಹೆಸರು ಮತ್ತು ವರ್ಷವನ್ನು ಬೇರೆ ಬೇರೆ ಕೇಳಿ. ‘ಸೈಟ್‌ಆಥರ್’ ಹೆಸರನ್ನು ಮಾತ್ರ ಕೊಡುತ್ತದೆ. ‘ಸೈಟ್‌ಇಯರ್‌ಪಾರ್’ ವರ್ಷವನ್ನು ಕಂಸದಲ್ಲಿ ಕೊಡುತ್ತದೆ. ಎರಡರ ನಡುವೆ ‘ಅವರ’ ಇಟ್ಟರೆ ‘ಕಿಟೆಲ್ ಅವರ (1894) ಪ್ರಕಾರ’ ಎಂದಾಗುತ್ತದೆ. ಇದು ಕನ್ನಡ. ಬಿಬ್‌ಲೇಟೆಕ್‌ನಲ್ಲಿ ವರ್ಷಕ್ಕೆ ಪರೆನ್‌ಸೈಟ್ ಆದ ತಕ್ಷಣ ಒಂದು ನಕ್ಷತ್ರ ಚಿಹ್ನೆ (*) ಹಾಕಿದರೂ ಆಯಿತು.

ಮೂರನೆಯದು ಸಂಸ್ಥೆಗಳಿಗೆ. ‘ಪರಿಷತ್ತು’ ಎಂಬುದು ‘ಪರಿಷತ್ತಿನ’ ಆಗಬೇಕಾದಾಗ ಯಂತ್ರಕ್ಕೆ ಆ ರೂಪ ಬರುವುದಿಲ್ಲ. ಅಲ್ಲಿ ಹೆಸರನ್ನು ನೀವೇ ಬರೆಯಿರಿ, ವರ್ಷವನ್ನು ಮಾತ್ರ ಯಂತ್ರದಿಂದ ಕೇಳಿ. ಕೀ ಬಳಸಿರುವುದರಿಂದ ಕೊನೆಯ ಪಟ್ಟಿಗೆ ಪುಸ್ತಕ ತಾನಾಗಿ ಸೇರುತ್ತದೆ.

ಒಂದು ಎಚ್ಚರಿಕೆ. ಸೈಟ್‌ಆಥರ್ ಆದ ತಕ್ಷಣ ಜಾಗ ಬಿಡದೆ ಪ್ರತ್ಯಯ ಅಂಟಿಸಬೇಡಿ. ‘ಕಿಟೆಲ್’ ಅರ್ಧಾಕ್ಷರದಲ್ಲಿ ಮುಗಿಯುತ್ತದೆ. ಪಕ್ಕದಲ್ಲೇ ‘ರ’ ಬಂದರೆ ಎರಡೂ ಕೂಡಿ ‘ಲ’ ಕೆಳಗೆ ‘ರ’ ಒತ್ತು ಬಂದುಬಿಡಬಹುದು. ‘ಅವರ’ ಎಂದು ಬಿಡಿಸಿ ಬರೆದರೆ ಈ ಗೋಜೇ ಇಲ್ಲ.

ಪುಟ ಸಂಖ್ಯೆ ಎಲ್ಲಿ ಹಾಕಬೇಕು?

ಆಜ್ಞೆಗೂ ಕೀಗೂ ನಡುವೆ ಚೌಕ ಕಂಸದಲ್ಲಿ ([ ]). ಎರಡು ಚೌಕ ಕಂಸ ಕೊಟ್ಟರೆ ಮೊದಲನೆಯದು ಹೆಸರಿಗೆ ಮೊದಲು (‘ನೋಡಿ’ ಅನ್ನುವಂಥದ್ದು), ಎರಡನೆಯದು ವರ್ಷ ಆದ ಮೇಲೆ ಬರುತ್ತದೆ. ನ್ಯಾಟ್‌ಬಿಬ್‌ನಲ್ಲಿ ‘ಪು.’ ಎಂದು ನೀವೇ ಬರೆಯಬೇಕು. ಬಿಬ್‌ಲೇಟೆಕ್‌ನಲ್ಲಿ ಬರೀ ಸಂಖ್ಯೆ ಕೊಟ್ಟರೆ ಅದೇ ಸೇರಿಸುತ್ತದೆ, ಆದರೆ ಇಂಗ್ಲಿಷ್‌ನ ಪಿ ಅಕ್ಷರ ಸೇರಿಸುತ್ತದೆ. ಅದನ್ನು ಕನ್ನಡ ಮಾಡಲು ‘ಡಿಫೈನ್‌ಬಿಬ್ಲಿಯೋಗ್ರಫಿಸ್ಟ್ರಿಂಗ್ಸ್’ ಎಂಬ ಆಜ್ಞೆ ಇದೆ. ಹೆಸರು ಉದ್ದ, ಕೆಲಸ ಚಿಕ್ಕದು. ಪೇಜ್, ಪೇಜಸ್, ಆಂಡ್, ಆಂಡ್‌ಅದರ್ಸ್ ಎಂಬ ನಾಲ್ಕು ಪದಗಳಿಗೆ ಪು., ಪು., ಮತ್ತು, ಮತ್ತಿತರರು ಎಂದು ಒಮ್ಮೆ ಹೇಳಿಬಿಟ್ಟರೆ ಇಡೀ ಥೀಸಿಸ್ ಕನ್ನಡವಾಗುತ್ತದೆ.

ನೇರವಾಗಿ ಸಾಲು ತೆಗೆದುಕೊಂಡಿದ್ದರೆ ಪುಟ ಸಂಖ್ಯೆ ಬಿಡಲೇಬೇಡಿ. ಐನೂರು ಪುಟದ ಪುಸ್ತಕದ ಹೆಸರು ಹೇಳಿ ಸುಮ್ನೆ ಬಿಟ್ಟರೆ ಓದುಗ ಎಲ್ಲಿ ಹುಡುಕಬೇಕು?

ಸೈಟೇಷನ್ ಜಾಗದಲ್ಲೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತಿದೆ!

ಗಾಬರಿ ಬೇಡ. ‘ಈ ಕೀ ಯಾವುದೋ ನನಗೆ ಇನ್ನೂ ಗೊತ್ತಿಲ್ಲ’ ಎಂದು ಲೇಟೆಕ್ ಹೇಳುತ್ತಿದೆ, ಅಷ್ಟೇ. ಬಿಬ್‌ಲೇಟೆಕ್‌ನಲ್ಲಾದರೆ ಪ್ರಶ್ನಾರ್ಥಕದ ಬದಲು ಕೀಯೇ ದಪ್ಪ ಅಕ್ಷರದಲ್ಲಿ ಕಾಣುತ್ತದೆ.

ಒಳಗೆ ಆಗುವುದು ಹೀಗೆ. ಮೊದಲ ಸಲ ಓಡಿಸಿದಾಗ ಲೇಟೆಕ್ ನಿಮಗೆ ಯಾವ ಯಾವ ಕೀ ಬೇಕು ಎಂದು ಒಂದು ಚೀಟಿ ಬರೆದಿಡುತ್ತದೆ. ಬಿಬ್‌ಟೆಕ್ ಅಥವಾ ಬೈಬರ್ ಆ ಚೀಟಿ ನೋಡಿ ಕಾರ್ಡುಗಳನ್ನು ತೆಗೆದು ಪಟ್ಟಿ ಮಾಡುತ್ತದೆ. ಲೇಟೆಕ್ ಮತ್ತೆ ಓಡಿ ಪಟ್ಟಿಯನ್ನು ಓದುತ್ತದೆ. ಇನ್ನೊಮ್ಮೆ ಓಡಿದಾಗ ಎಲ್ಲ ತಮ್ಮ ತಮ್ಮ ಜಾಗಕ್ಕೆ ಬರುತ್ತವೆ. ಲೇಟೆಕ್‌ಎಂಕೆ ಎಂಬ ಪ್ರೋಗ್ರಾಂ ಇದನ್ನೆಲ್ಲ ತಾನೇ ಮಾಡುತ್ತದೆ. ಓವರ್‌ಲೀಫ್‌ನಲ್ಲೂ ಹಿಂದೆ ಓಡುವುದು ಅದೇ.

ಅಷ್ಟಾದರೂ ಹೋಗದಿದ್ದರೆ ಕೀ ಸ್ಪೆಲ್ಲಿಂಗ್ ನೋಡಿ. ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಲೆಕ್ಕ. ಆಮೇಲೆ ಬಿಬ್ ಫೈಲಿನಲ್ಲಿ ಎಲ್ಲಾದರೂ ಮುಚ್ಚುವ ಹೂಕಂಸ (}) ಬಿಟ್ಟುಹೋಗಿದೆಯಾ ನೋಡಿ. ಒಂದು ಬಿಟ್ಟರೆ ಅದರ ಕೆಳಗಿನ ಕಾರ್ಡುಗಳೂ ಕಾಣೆಯಾಗಬಹುದು. ಬಿಬ್‌ಟೆಕ್‌ನಿಂದ ಬೈಬರ್‌ಗೆ ಬದಲಿಸಿದ್ದರೆ ಹಿಂದೆ ಓಡಿಸಿದಾಗ ಹುಟ್ಟಿದ ಹಳೆಯ ಬಿಬಿಎಲ್, ಆಕ್ಸ್ ಫೈಲುಗಳನ್ನು ಅಳಿಸಿ ಓಡಿಸಿ.

ನಮ್ಮಲ್ಲಿ ಸರ್‌ನೇಮ್ ಇಲ್ಲ, ಇನಿಷಿಯಲ್ ಇದೆ. ಹೆಸರು ಹೇಗೆ ಬರೆಯಬೇಕು?

ಯಂತ್ರ ಹೆಸರನ್ನು ಓದುವ ರೀತಿ ತಿಳಿದರೆ ಇದು ಸುಲಭ. ಕಾಮಾ ಇಲ್ಲದಿದ್ದರೆ ಕೊನೆಯ ಪದವೇ ಮುಖ್ಯ ಹೆಸರು ಎಂದು ಅದು ತಿಳಿಯುತ್ತದೆ. ಕಾಮಾ ಇದ್ದರೆ ಕಾಮಾಕ್ಕಿಂತ ಮೊದಲಿನದು ಮುಖ್ಯ ಹೆಸರು.

‘ಯು. ಆರ್. ಅನಂತಮೂರ್ತಿ’ ಎಂದು ಬರೆದರೆ ಸರಿಯಾಗಿಯೇ ಬರುತ್ತದೆ. ಕೊನೆಯ ಪದ ಅನಂತಮೂರ್ತಿ. ಆದರೆ ನಮ್ಮ ಗ್ರಂಥಸೂಚಿಗಳಲ್ಲಿ ‘ಶಿವರುದ್ರಪ್ಪ ಜಿ. ಎಸ್.’ ಎಂದು ಬರೆಯುವ ರೂಢಿ ಇದೆ. ಅದನ್ನು ಹಾಗೇ ಕಾರ್ಡಿಗೆ ಇಳಿಸಿದರೆ ಮುಖ್ಯ ಹೆಸರು ‘ಎಸ್.’ ಆಗುತ್ತದೆ. ಥೀಸಿಸ್‌ನಲ್ಲಿ ಶಿವರುದ್ರಪ್ಪನವರೇ ಮಾಯ. ‘ಶಿವರುದ್ರಪ್ಪ’ ಆದ ಮೇಲೆ ಒಂದು ಕಾಮಾ ಹಾಕಿ, ಸರಿಹೋಗುತ್ತದೆ.

ಇನ್ನೊಂದು ಅಭ್ಯಾಸ, ‘ಕೆ.ವಿ.ಪುಟ್ಟಪ್ಪ’ ಎಂದು ಜಾಗವೇ ಬಿಡದೆ ಟೈಪ್ ಮಾಡುವುದು. ಯಂತ್ರಕ್ಕೆ ಅದು ಒಂದೇ ಪದ. ಪಟ್ಟಿಯಲ್ಲಿ ‘ಪ’ ಕೆಳಗೆ ಬರಬೇಕಾದವರು ‘ಕ’ ಕೆಳಗೆ ಹೋಗುತ್ತಾರೆ. ಪ್ರತಿ ಇನಿಷಿಯಲ್ ಆದ ಮೇಲೂ ಜಾಗ ಬಿಡಿ.

ಕಾವ್ಯನಾಮದ ವಿಷಯದಲ್ಲಿ ಪುಸ್ತಕದ ಹೆಸರಿನ ಪುಟ ಏನು ಹೇಳುತ್ತದೋ ಅದೇ. ಅಲ್ಲಿ ‘ಕುವೆಂಪು’ ಎಂದಿದ್ದರೆ ಕಾರ್ಡಿನಲ್ಲೂ ಕುವೆಂಪು. ಪಂಪ, ರನ್ನ, ಬಸವಣ್ಣ ಒಂದೇ ಪದವಾದ್ದರಿಂದ ತೊಂದರೆ ಇಲ್ಲ. ‘ಅಕ್ಕ ಮಹಾದೇವಿ’ ಎಂದು ಬಿಡಿಸಿ ಬರೆದರೆ ಮಾತ್ರ ‘ಮಹಾದೇವಿ’ ಎಂದಷ್ಟೇ ಬರುತ್ತದೆ. ಒಟ್ಟಿಗೆ ಬರೆಯಿರಿ, ಇಲ್ಲವೇ ಹೆಸರಿನ ಸುತ್ತ ಇನ್ನೊಂದು ಜೋಡಿ ಹೂಕಂಸ ಹಾಕಿ.

ಕೆಲವು ಗೈಡ್‌ಗಳು ಕಂಸದೊಳಗೂ ಇಡೀ ಹೆಸರು ಬೇಕು ಅನ್ನುತ್ತಾರೆ. ನನಗೆ ಅದರಲ್ಲಿ ನ್ಯಾಯ ಕಾಣುತ್ತದೆ. ನಮ್ಮಲ್ಲಿ ಇನಿಷಿಯಲ್ ಎಂದರೆ ಊರು, ತಂದೆಯ ಹೆಸರು. ಅದಿಲ್ಲದೆ ಯಾವ ರಾಮಪ್ಪ ಎಂದು ಹೇಗೆ ತಿಳಿಯಬೇಕು? ಅಂಥ ಕಡೆ ಎರಡು ಜೋಡಿ ಹೂಕಂಸವೇ ಉಪಾಯ.

ಲೇಖಕರ ಜಾಗದಲ್ಲಿ ಸರ್ಕಾರ ಅಥವಾ ಸಂಸ್ಥೆ ಇದ್ದರೆ?

ಎರಡು ಜೋಡಿ ಹೂಕಂಸ ಕಡ್ಡಾಯ. ಒಬ್ಬ ವಿದ್ಯಾರ್ಥಿನಿಯ ಅಧ್ಯಾಯ ನೋಡುತ್ತಿದ್ದೆ. ಮೈಸೂರು ಸರ್ಕಾರ, ಕರ್ನಾಟಕ ಸರ್ಕಾರ, ಭಾರತ ಸರ್ಕಾರ ಮೂರೂ ‘(ಸರ್ಕಾರ, 1972)’, ‘(ಸರ್ಕಾರ, 1975)’ ಎಂದು ಕೂತಿದ್ದವು. ‘ಮೈಸೂರು’ ಎಂಬುದು ಹೆಸರು, ‘ಸರ್ಕಾರ’ ಎಂಬುದು ಮನೆತನ ಎಂದು ಯಂತ್ರ ಓದಿಕೊಂಡಿತ್ತು. ಕನ್ನಡ ಸಾಹಿತ್ಯ ಪರಿಷತ್ತು ಬರೀ ‘ಪರಿಷತ್ತು’ ಆಗಿತ್ತು. ವೈವಾದಲ್ಲಿ ಯಾರಾದರೂ ‘ಯಾವ ಸರ್ಕಾರ?’ ಎಂದಿದ್ದರೆ ಆ ಹುಡುಗಿ ಏನು ಹೇಳಬೇಕಿತ್ತು?

ಹೊರಗಿನ ಜೋಡಿ ಕಾರ್ಡಿನದು. ಒಳಗಿನ ಜೋಡಿ ‘ಇದನ್ನು ಒಡೆಯಬೇಡ’ ಎಂಬ ಗುರುತು.

ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಇನ್ನೊಂದು ಅಪಾಯ ಇದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಇಂಗ್ಲಿಷ್ ಹೆಸರಿನ ನಡುವೆ ‘ಆಂಡ್’ ಇದೆ. ಬಿಬ್ ಫೈಲಿನಲ್ಲಿ ಆ ಪದ ಲೇಖಕರನ್ನು ಬೇರೆ ಮಾಡುವ ಗೆರೆ. ಹಾಗಾಗಿ ‘ಕನ್ನಡ’ ಒಬ್ಬರು, ‘ಕಲ್ಚರ್’ ಇನ್ನೊಬ್ಬರು ಎಂದು ಇಬ್ಬರು ಲೇಖಕರು ಹುಟ್ಟುತ್ತಾರೆ. ಇದಕ್ಕೂ ಒಳಗಿನ ಹೂಕಂಸವೇ ಮದ್ದು.

ಹೆಸರು ತುಂಬ ಉದ್ದ ಇದ್ದರೆ ಬಿಬ್‌ಲೇಟೆಕ್‌ನಲ್ಲಿ ‘ಶಾರ್ಟ್‌ಆಥರ್’ ಎಂಬ ಜಾಗ ಇದೆ. ಎಲ್. ಜಿ. ಹಾವನೂರು ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗದ 1975ರ ವರದಿಯನ್ನು ಎಲ್ಲರೂ ಹಾವನೂರು ವರದಿ ಎಂದೇ ಕರೆಯುವುದು. ಲೇಖಕರ ಜಾಗದಲ್ಲಿ ಆಯೋಗದ ಪೂರ್ತಿ ಹೆಸರು ಇಡಿ, ಶಾರ್ಟ್‌ಆಥರ್‌ನಲ್ಲಿ ‘ಹಾವನೂರು ಆಯೋಗ’ ಇಡಿ. ಕಂಸದಲ್ಲಿ ಚಿಕ್ಕದು, ಪಟ್ಟಿಯಲ್ಲಿ ಪೂರ್ತಿ ಹೆಸರು ಬರುತ್ತದೆ.

ಇನ್ನೊಂದು ಸಣ್ಣ ವಿಷಯ. 1973ರ ನವೆಂಬರ್ 1ಕ್ಕೆ ಮೊದಲಿನ ದಾಖಲೆಯಾದರೆ ಅದು ಮೈಸೂರು ಸರ್ಕಾರದ್ದು. ಅದನ್ನು ಕರ್ನಾಟಕ ಸರ್ಕಾರ ಎಂದು ತಿದ್ದಬೇಡಿ. ಹಳೆಯ ಪುಸ್ತಕದ ಪ್ರಕಟಣೆಯ ಸ್ಥಳ ಇಂಗ್ಲಿಷ್‌ನಲ್ಲಿ ‘ಬ್ಯಾಂಗಲೋರ್’ ಎಂದಿದ್ದರೆ ಅದೂ ಹಾಗೇ ಇರಲಿ. ಹುಡುಕುವವರು ಆ ಹೆಸರಿನಲ್ಲೇ ಹುಡುಕುತ್ತಾರೆ.

ಇಬ್ಬರು ಲೇಖಕರ ನಡುವೆ ‘ಮತ್ತು’ ಹಾಕಿದೆ. ಒಬ್ಬರೇ ಕಾಣುತ್ತಿದ್ದಾರೆ.

ಬಿಬ್ ಫೈಲಿಗೆ ‘ಮತ್ತು’ ಗೊತ್ತಿಲ್ಲ. ಹೆಸರುಗಳು ಕನ್ನಡದಲ್ಲಿದ್ದರೂ ಅವುಗಳ ನಡುವೆ ಇಂಗ್ಲಿಷ್‌ನ ‘ಆಂಡ್’ ಅನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಕಾಮಾ ಕೂಡ ನಡೆಯುವುದಿಲ್ಲ. ನೀವು ‘ಮತ್ತು’ ಬರೆದಾಗ ಇಡೀ ಸಾಲು ಒಬ್ಬರ ಹೆಸರಾಗಿ, ಕೊನೆಯ ಪದ ಮಾತ್ರ ಕಂಸಕ್ಕೆ ಬರುತ್ತದೆ. ಮೊದಲ ಲೇಖಕರಿಗೆ ಸಲ್ಲಬೇಕಾದ ಹೆಸರು ಹೋಗಿಬಿಡುತ್ತದೆ. ಮೂವರಿದ್ದರೂ ಅಷ್ಟೇ, ಪ್ರತಿ ಇಬ್ಬರ ನಡುವೆ ಒಂದು ಆಂಡ್.

ಅಚ್ಚಿನಲ್ಲಿ ‘ಮತ್ತು’ ತರುವುದು ಮೇಲೆ ಹೇಳಿದ ನಾಲ್ಕು ಪದಗಳ ಕೆಲಸ. ಎಪಿಎ ಶೈಲಿಯ (ಅಮೆರಿಕನ್ ಸೈಕಾಲಜಿಕಲ್ ಅಸೋಸಿಯೇಷನ್‌ನ ಉಲ್ಲೇಖ ಪದ್ಧತಿ) 2019ರ ಏಳನೇ ಆವೃತ್ತಿಯಂತೆ ಮೂವರು ಅಥವಾ ಹೆಚ್ಚು ಲೇಖಕರಿದ್ದರೆ ಮೊದಲ ಸಲದಿಂದಲೇ ‘ಮತ್ತಿತರರು’ ಬರುತ್ತದೆ. ಆರನೇ ಆವೃತ್ತಿಯಲ್ಲಿ ಹೀಗಿರಲಿಲ್ಲ. ನಿಮ್ಮ ಸೀನಿಯರ್ ಥೀಸಿಸ್ ನೋಡಿ ನಕಲು ಮಾಡುವ ಮೊದಲು ಅವರು ಯಾವ ಆವೃತ್ತಿ ಹಿಡಿದಿದ್ದರು ಎಂದು ಕೇಳಿ.

ಅವೆನ್ಯೂ ರಸ್ತೆಯಲ್ಲಿ ಕೊಂಡ ಮರುಮುದ್ರಣ ನನ್ನ ಹತ್ತಿರ ಇದೆ. ಯಾವ ವರ್ಷ ಹಾಕಲಿ?

ನೀವು ಕೈಯಲ್ಲಿ ಹಿಡಿದು ಓದಿದ ಪ್ರ‍ತಿಯ ವರ್ಷ ‘ಡೇಟ್’ ಜಾಗಕ್ಕೆ. ಮೊದಲು ಅಚ್ಚಾದ ವರ್ಷ ಬಿಬ್‌ಲೇಟೆಕ್‌ನ ‘ಒರಿಜ್‌ಡೇಟ್’ ಜಾಗಕ್ಕೆ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಆಮೇಲೆ ಮರುಮುದ್ರಣಗಳು ಬಂದವು. ಮರುಮುದ್ರಣದ ವರ್ಷ ಮಾತ್ರ ಹಾಕಿದರೆ ಕಿಟೆಲ್ ಇಪ್ಪತ್ತನೇ ಶತಮಾನದ ಕೊನೆಯವರು ಎಂದು ಓದುಗರಿಗೆ ಅನ್ನಿಸುತ್ತದೆ. 1894 ಮಾತ್ರ ಹಾಕಿದರೆ ನಿಮ್ಮ ಪುಟ ಸಂಖ್ಯೆ ಬೇರೆಯವರ ಪ್ರತಿಯಲ್ಲಿ ತಾಳೆಯಾಗದೇ ಹೋಗಬಹುದು. ಎರಡೂ ಇರಲಿ. ಎಪಿಎ ಶೈಲಿ ಎರಡನ್ನೂ ಓರೆಗೆರೆ ಹಾಕಿ ತೋರಿಸುತ್ತದೆ.

ಹಳಗನ್ನಡ ಕಾವ್ಯ, ಶಾಸನಗಳಿಗೆ ಪುಟ ಸಂಖ್ಯೆ ಕೊಟ್ಟರೆ ಸಾಕಾ?

ಸಾಲದು. ಒಂದೇ ಕಾವ್ಯಕ್ಕೆ ಹಲವು ಸಂಪಾದನೆ ಇರುತ್ತವೆ, ಪುಟ ಬೇರೆ ಬೇರೆ. ಪದ್ಯದ ಸಂಖ್ಯೆ ಮಾತ್ರ ಬಹುಮಟ್ಟಿಗೆ ಒಂದೇ. ಆದ್ದರಿಂದ ಪುಟದ ಜಾಗದಲ್ಲಿ ಆಶ್ವಾಸ ಅಥವಾ ಪರಿಚ್ಛೇದ, ಆಮೇಲೆ ಪದ್ಯ ಸಂಖ್ಯೆ ಕೊಡಿ. ಚೌಕ ಕಂಸದೊಳಗೆ ಬರೀ ಅಂಕಿ ಬರೆದರೆ ಬಿಬ್‌ಲೇಟೆಕ್ ಪುಟ ಎಂದುಕೊಂಡು ‘ಪು.’ ಸೇರಿಸುತ್ತದೆ. ‘ಪದ್ಯ’ ಎಂಬ ಪದವನ್ನೂ ಜೊತೆಗೆ ಬರೆಯಿರಿ, ಆಗ ಸೇರಿಸುವುದಿಲ್ಲ.

ಶಾಸನಕ್ಕೂ ಇದೇ ದಾರಿ. ಬೇಗೂರಿನ ನಾಗೇಶ್ವರ ದೇವಸ್ಥಾನದ ವೀರಗಲ್ಲಿನಲ್ಲಿ ‘ಬೆಂಗಳೂರು ಕಾಳಗ’ದ ಮಾತು ಇದೆ ಅಲ್ವಾ, ಸುಮಾರು ಕ್ರಿ.ಶ. 890ರದ್ದು. ಬೆಂಗಳೂರು ಜಿಲ್ಲೆಯ ಶಾಸನಗಳು ಶಾಸನ ಸಂಪುಟಗಳ ಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿವೆ. ಇತಿಹಾಸದವರು ಪುಟ ಹೇಳುವುದಿಲ್ಲ. ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ ಹೇಳುತ್ತಾರೆ. ಸಂಪುಟಕ್ಕೆ ಒಂದು ಕಾರ್ಡ್ ಮಾಡಿ, ತಾಲ್ಲೂಕು ಮತ್ತು ಸಂಖ್ಯೆಯನ್ನು ಚೌಕ ಕಂಸದಲ್ಲಿ ಕೊಡಿ. ಶಾಸನಕ್ಕೊಂದು ಕಾರ್ಡ್ ಮಾಡಲು ಹೋದರೆ ಬಿಬ್ ಫೈಲೇ ಒಂದು ಸಂಪುಟವಾಗುತ್ತದೆ.

ಹಳೆಯ ಗ್ರಂಥಸೂಚಿ ನುಡಿಯಲ್ಲಿ ಟೈಪ್ ಮಾಡಿದ್ದೆ. ಬಿಬ್ ಫೈಲಿಗೆ ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ.

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫೈಲುಗಳಲ್ಲಿ ಕನ್ನಡ ಇರುವುದು ಫಾಂಟಿನಲ್ಲಿ ಮಾತ್ರ. ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳು. ಫಾಂಟ್ ತೆಗೆದರೆ ಕನ್ನಡವೂ ಹೋಗುತ್ತದೆ. ಮೊದಲು ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಳ್ಳಿ. ಆಮೇಲೆ ಒಂದೊಂದು ಹೆಸರನ್ನೂ ಕಣ್ಣಿಟ್ಟು ಓದಿ. ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪಿರುತ್ತವೆ. ‘ಮೂರ್ತಿ’ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಇದ್ದರೆ ಯಂತ್ರಕ್ಕೆ ಅವರು ಇಬ್ಬರು ಬೇರೆ ಲೇಖಕರು.

ವರ್ಷವನ್ನು ಕನ್ನಡ ಅಂಕಿಯಲ್ಲಿ ಬರೆಯಬಹುದಾ?

ಬಿಬ್ ಫೈಲಿನಲ್ಲಿ ಬೇಡ. ಬೈಬರ್‌ಗೆ ಅದು ದಿನಾಂಕ ಎಂದು ತಿಳಿಯುವುದಿಲ್ಲ, ವರ್ಷದ ಪ್ರಕಾರ ಜೋಡಿಸಲೂ ಆಗುವುದಿಲ್ಲ.

ಒಬ್ಬರೇ ಲೇಖಕರ ಒಂದೇ ವರ್ಷದ ಎರಡು ಪುಸ್ತಕ?

ಯಂತ್ರ ತಾನೇ ಎ, ಬಿ ಎಂದು ಅಕ್ಷರ ಸೇರಿಸುತ್ತದೆ. ನೀವು ಕಾರ್ಡಿನಲ್ಲಿ ವರ್ಷದ ಪಕ್ಕ ಅಕ್ಷರ ಬರೆಯಬೇಡಿ, ಎರಡೆರಡು ಸಲ ಬಂದುಬಿಡುತ್ತದೆ.

ನಾನು ಎಂಜಿನಿಯರಿಂಗ್. ಐಇಇಇ ಶೈಲಿ, ನಂಬರ್ ಸಾಕು. ನಂಬರುಗಳು ಹಿಂದೆ ಮುಂದೆ ಬರುತ್ತಿವೆ.

ಐಇಇಇ ಶೈಲಿಯಲ್ಲಿ ಪಠ್ಯದಲ್ಲಿ ಮೊದಲು ಬಂದದ್ದಕ್ಕೆ [1], ಆಮೇಲೆ ಬಂದದ್ದಕ್ಕೆ [2]. ಅಕ್ಷರ ಕ್ರಮ ಅಲ್ಲ. ‘ಪ್ಲೇನ್’ ಶೈಲಿ ಬಳಸಿದ್ದರೆ ಅಕ್ಷರ ಕ್ರಮ ಬರುತ್ತದೆ, ಐಇಇಇಟ್ರಾನ್‌ಗೆ ಬದಲಿಸಿ. ಒಂದೇ ಕಡೆ ನಾಲ್ಕೈದು ನಂಬರ್ ಇದ್ದರೆ ಅವನ್ನು ಸರದಿಯಲ್ಲಿ ಇಡಲು ‘ಸೈಟ್’ ಎಂಬ ಹೆಸರಿನ ಪ್ಯಾಕೇಜ್ ಇದೆ.

ನಂಬರನ್ನೇ ವಾಕ್ಯದ ಪದ ಮಾಡಬೇಡಿ. ‘[7]ರಲ್ಲಿ ಹೇಳಿದಂತೆ’ ಎಂದು ಓದಿದರೆ ಹೇಳಿದವರು ಯಾರು ಎಂದು ಹಿಂದಿನ ಪುಟಕ್ಕೆ ಓಡಬೇಕು. ಹೆಸರು ಹೇಳಿ, ಪಕ್ಕದಲ್ಲಿ ನಂಬರ್ ಇಡಿ.

ಚುಕ್ಕಿ ಕಂಸದ ಒಳಗೋ ಹೊರಗೋ?

ಹೊರಗೆ. ಸೈಟೇಷನ್ ವಾಕ್ಯದ ಭಾಗ, ಅದು ಮುಗಿದ ಮೇಲೆ ಚುಕ್ಕಿ. ಸೈಟೇಷನ್‌ಗೂ ಹಿಂದಿನ ಪದಕ್ಕೂ ನಡುವೆ ಸಾಮಾನ್ಯ ಜಾಗದ ಬದಲು ಟಿಲ್ಡೆ ಚಿಹ್ನೆ (~) ಹಾಕಿ. ಸಾಲು ಮುರಿದಾಗ ಕಂಸ ಒಂದೇ ಮುಂದಿನ ಸಾಲಿಗೆ ಜಾರುವುದಿಲ್ಲ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಉದ್ದ ವಾಕ್ಯದಲ್ಲಿ ಯಾವ ಮಾತು ಯಾರದು ಎಂದು ಕಲಸಿಹೋಗುತ್ತದೆ. ಉದ್ಧರಣ ಮುಗಿದ ಕೂಡಲೇ, ‘ಎಂದು’ ಬರುವ ಮೊದಲೇ ಸೈಟೇಷನ್ ಇಡಿ. ಅವರ ಮಾತು ಎಲ್ಲಿ ಮುಗಿಯಿತು, ನಿಮ್ಮದು ಎಲ್ಲಿ ಶುರುವಾಯಿತು ಎಂದು ಆಗ ಗೊತ್ತಾಗುತ್ತದೆ.

ಗೂಗಲ್ ಸ್ಕಾಲರ್‌ನಿಂದ ಕಾರ್ಡ್ ನಕಲು ಮಾಡಿಕೊಂಡರೆ ಸಾಕಲ್ವಾ?

ನಕಲು ಮಾಡಿಕೊಳ್ಳಿ, ಆಮೇಲೆ ಪುಸ್ತಕ ತೆರೆದು ತಾಳೆ ನೋಡಿ. ವರ್ಷ, ಪ್ರಕಾಶಕರು ತಪ್ಪಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಇಂಗ್ಲಿಷ್ ಶೀರ್ಷಿಕೆಯಲ್ಲಿ ಬೆಂಗಳೂರು, ಕಾವೇರಿ ಇಂಥ ಹೆಸರಿದ್ದರೆ ಅವುಗಳ ಸುತ್ತ ಹೂಕಂಸ ಹಾಕಿ, ಇಲ್ಲದಿದ್ದರೆ ಕೆಲವು ಶೈಲಿಗಳು ಮೊದಲ ಅಕ್ಷರವನ್ನು ಚಿಕ್ಕದು ಮಾಡುತ್ತವೆ. ಜರ್ನಲ್ ಹೆಸರಿನಲ್ಲಿ & ಚಿಹ್ನೆ ಇದ್ದರೆ ಅದಕ್ಕೆ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಿ. ಕಾರ್ಡುಗಳು ಜಾಸ್ತಿ ಆದರೆ ಅವನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಝೊಟೆರೋ ಅಥವಾ ಜಾಬ್‌ರೆಫ್ ಬಳಸಿ, ಎರಡೂ ಉಚಿತ.

ಮೂಲ ಪುಸ್ತಕ ಸಿಗಲಿಲ್ಲ. ಬೇರೆಯವರು ಉಲ್ಲೇಖಿಸಿದ್ದನ್ನು ನೋಡಿದ್ದೇನೆ. ಮೂಲದ ಹೆಸರು ಹಾಕಲಾ?

ನೀವು ಓದಿದ ಪುಸ್ತಕದ ಕಾರ್ಡನ್ನೇ ಕೊಡಿ. ಮೂಲ ಲೇಖಕರ ಹೆಸರನ್ನು ವಾಕ್ಯದಲ್ಲಿ ಹೇಳಿ, ಚೌಕ ಕಂಸದಲ್ಲಿ ‘ಉದ್ಧೃತ’ ಎಂದು ಸೇರಿಸಿ. ಅದಕ್ಕೂ ಮೊದಲು ಒಂದು ಸಲ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಹುಡುಕಿ. ಸಿಕ್ಕರೆ ಮೂಲದಲ್ಲಿ ಮಾತು ಬೇರೆಯೇ ಇರುವ ಸಾಧ್ಯತೆ ಇದೆ.

ಸೈಟೇಷನ್ ಸರಿಯಾಗಿ ಕೊಟ್ಟರೆ ಸಿಮಿಲಾರಿಟಿ ಪರ್ಸೆಂಟ್ ಕಡಿಮೆ ಆಗುತ್ತಾ?

ಕೃತಿಚೌರ್ಯದ ಬಗೆಗಿನ ಯುಜಿಸಿ 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡ ಇಲ್ಲ. ಸರಿಯಾಗಿ ಹೆಸರು ಹೇಳಿ ಉದ್ಧರಿಸಿದ ಭಾಗ, ಆಕರ ಪಟ್ಟಿ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಪುಟಗಟ್ಟಲೆ ನಕಲು ಮಾಡಿ ಕೊನೆಗೊಂದು ಕಂಸ ಇಟ್ಟರೆ ಅದು ಉದ್ಧರಣ ಆಗುವುದಿಲ್ಲ.

ವರ್ಡ್‌ನಲ್ಲೇ ಬರೆಯುತ್ತಿದ್ದೇನೆ. ಇದೆಲ್ಲ ನನಗೆ ಬೇಕಾ?

ಸಾಫ್ಟ್‌ವೇರ್ ಬದಲಿಸಬೇಕಿಲ್ಲ. ಝೊಟೆರೋ ವರ್ಡ್ ಒಳಗೂ ಕೂರುತ್ತದೆ. ಹೆಸರು, ಸಂಸ್ಥೆ, ವರ್ಷದ ಬಗ್ಗೆ ಮೇಲೆ ಹೇಳಿದ ಎಚ್ಚರಿಕೆ ಅಲ್ಲೂ ಬೇಕು. ಸಂಸ್ಥೆಯ ಹೆಸರಾದರೆ ಝೊಟೆರೋದಲ್ಲಿ ಎರಡು ಖಾನೆಯ ಬದಲು ಒಂದೇ ಖಾನೆಯ ಹೆಸರು ಎಂದು ಆರಿಸಿ.

ಬೈಂಡಿಂಗ್‌ಗೆ ಕೊಡುವ ಹಿಂದಿನ ರಾತ್ರಿ ಏನೇನು ನೋಡಲಿ?

ಪಿಡಿಎಫ್ ತೆರೆದು ಪ್ರಶ್ನಾರ್ಥಕ ಚಿಹ್ನೆ (ಬಿಬ್‌ಲೇಟೆಕ್ ಆದರೆ ದಪ್ಪ ಅಕ್ಷರದ ಕೀ) ಹುಡುಕಿ. ಆಮೇಲೆ ಎಲ್ಲ ಕಂಸಗಳ ಮೇಲೂ ಒಮ್ಮೆ ಕಣ್ಣಾಡಿಸಿ: ಒಂಟಿ ‘ಸರ್ಕಾರ’, ಒಂಟಿ ‘ಇಲಾಖೆ’, ಒಂಟಿ ಇನಿಷಿಯಲ್ ಕಂಡರೆ ಆ ಕಾರ್ಡ್ ತಿದ್ದಿ. ಬಿಬ್‌ಟೆಕ್ ಅಥವಾ ಬೈಬರ್‌ನ ಲಾಗ್ ಫೈಲ್ ಕೂಡ ಓದಿ. ವರ್ಷ ಇಲ್ಲದ ಕಾರ್ಡು, ಎರಡು ಸಲ ಬಂದ ಕೀ ಅಲ್ಲಿ ಸಿಗುತ್ತವೆ.

ಅಂಗಡಿಗೆ ಪಿಡಿಎಫ್ ಮಾತ್ರ ಕೊಡಿ. ಝೀಲೇಟೆಕ್ ಫಾಂಟನ್ನು ಪಿಡಿಎಫ್ ಒಳಗೇ ಇಟ್ಟಿರುತ್ತದೆ, ಅವರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ಅಕ್ಷರ ಒಡೆಯುವುದಿಲ್ಲ. ಹೈಪರ್‌ರೆಫ್ ಪ್ಯಾಕೇಜ್ ಹಾಕಿದ್ದರೆ ಸೈಟೇಷನ್ ಸುತ್ತ ಬಣ್ಣದ ಚೌಕ ಕಾಣುತ್ತದೆ. ಅದು ಪರದೆಗೆ ಮಾತ್ರ, ಅಚ್ಚಿನಲ್ಲಿ ಬರುವುದಿಲ್ಲ. ‘ಕಲರ್‌ಲಿಂಕ್ಸ್’ ಹಾಕಿದ್ದರೆ ಮಾತ್ರ ಅಕ್ಷರವೇ ಬಣ್ಣದಲ್ಲಿರುತ್ತದೆ, ಕಪ್ಪು-ಬಿಳುಪು ಪ್ರಿಂಟಿನಲ್ಲಿ ಮಸುಕು ಬೂದಿಯಾಗಿ ಬರುತ್ತದೆ. ಪ್ರಿಂಟಿಗೆ ಕೊಡುವ ಪ್ರತಿಗೆ ‘ಹೈಡ್‌ಲಿಂಕ್ಸ್’ ಹಾಕಿ ಇನ್ನೊಮ್ಮೆ ಓಡಿಸಿ.